ಕಾವೇರಿ ಮೇಲ್ಕಣಿವೆಯ ಬಿಳಿಮೀನು: ಹೆಸರು, ದಾಖಲೆ ಮತ್ತು ಪುನಃಸ್ಥಾಪನೆಯ ಪ್ರಶ್ನೆ

ಪೀಠಿಕೆ

ಕರ್ನಾಟಕದ ನದಿಗಳನ್ನು ಕುರಿತ ಐತಿಹಾಸಿಕ ಅಧ್ಯಯನಗಳು ಬಹುಮಟ್ಟಿಗೆ ನದೀತೀರದ ದೇವಾಲಯಗಳು, ಅಗ್ರಹಾರಗಳು, ಕಟ್ಟೆ ಕಾಲುವೆಗಳು ಹಾಗೂ ನೀರಾವರಿ ವ್ಯವಸ್ಥೆಯನ್ನು ಅವಲಂಬಿಸಿವೆ. ನೀರನ್ನು ಹಂಚಿಕೊಂಡವರ ಚರಿತ್ರೆ ಸಾಕಷ್ಟು ವಿವರವಾಗಿ ಬಂದಿದೆ. ನೀರಿನೊಳಗೆ ಬಾಳಿದ ಜೀವಿಗಳ ಚರಿತ್ರೆ ಅಷ್ಟಾಗಿ ಬಂದಿಲ್ಲ. ಆ ಕೆಲಸ ಪ್ರಾಣಿಶಾಸ್ತ್ರಜ್ಞರದು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಒಂದು ನದಿಯಲ್ಲಿ ಮೊದಲು ಯಾವ ಮೀನು ಇತ್ತು, ಅದು ಯಾವಾಗ ಕಡಿಮೆಯಾಯಿತು, ಅದರ ಜಾಗಕ್ಕೆ ಯಾವುದು ಬಂತು, ಯಾರು ತಂದರು ಎಂಬ ಪ್ರಶ್ನೆಗಳು ಮೂಲತಃ ಇತಿಹಾಸದ ಪ್ರಶ್ನೆಗಳೇ ಆಗಿವೆ. ಅವುಗಳಿಗೆ ಉತ್ತರ ದೊರೆಯುವುದು ಹಳೆಯ ಕಾಗದ, ಛಾಯಾಚಿತ್ರ, ಸಂಗ್ರಹಾಲಯದ ಮಾದರಿ ಮತ್ತು ಜನರ ನೆನಪುಗಳಲ್ಲಿ.

ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ಈ ಮಾತಿಗೆ ಒಳ್ಳೆಯ ನಿದರ್ಶನ. ಕಾವೇರಿ ಜಲಾನಯನಕ್ಕೆ ಮಾತ್ರ ಸೀಮಿತವಾದ ಗೂನುಬೆನ್ನಿನ ಮಹಶೀರ್ ಇಂದು ವಿನಾಶದ ಅಂಚಿಗೆ ಬಂದಿದೆ. ಅದೇ ನದಿಯಲ್ಲಿ ಹೊರಗಿನ ಜಲಾನಯನದಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚಿದೆ. ಈ ಬದಲಾವಣೆಯ ಹಿಂದೆ ದುರುದ್ದೇಶವಿರಲಿಲ್ಲ. ಸಂರಕ್ಷಣೆಯ ಸದುದ್ದೇಶದಿಂದಲೇ ಮಾಡಿದ ಕಾರ್ಯದಿಂದ ಅದು ಸಂಭವಿಸಿತು. ಎರಡು ಬೇರೆ ಮೀನುಗಳನ್ನು ಒಂದೇ ಹೆಸರಿನಿಂದ ಗುರುತಿಸಿದ್ದು ಇದರಲ್ಲಿ ದೊಡ್ಡ ಪಾತ್ರ ವಹಿಸಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಯ ನದಿಗಳನ್ನು ಕೇಂದ್ರವಾಗಿಟ್ಟುಕೊಂಡು ಈ ಚರಿತ್ರೆಯನ್ನು ಪರಿಶೀಲಿಸುವುದು ಹಾಗೂ ಸ್ಥಳೀಯ ಮೀನಿನ ಪುನಃಸ್ಥಾಪನೆಯಲ್ಲಿ ಇತಿಹಾಸಕಾರನ ಪಾತ್ರವೇನೆಂಬುದನ್ನು ಸೂಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಪ್ರದೇಶ ಮತ್ತು ನದಿಗಳು

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಈ ನಾಲ್ಕು ತಾಲ್ಲೂಕುಗಳು ಕೊಡಗು ಮತ್ತು ವಯನಾಡಿನ ಮಲೆಗಳಿಗೂ ಮೈಸೂರಿನ ಬಯಲಿಗೂ ನಡುವಣ ಭೂಮಿಯಲ್ಲಿವೆ. ಈಚಿನ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಹಳೆಯ ದಾಖಲೆಗಳನ್ನು ನೋಡುವವರು ಕೃಷ್ಣರಾಜನಗರದ ಬದಲು ಎಡತೊರೆ ಎಂಬ ಹೆಸರನ್ನು ಹುಡುಕಬೇಕಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಈ ಪ್ರದೇಶದಲ್ಲಿ ಮೂರು ಮುಖ್ಯ ನದಿಗಳು ಹರಿಯುತ್ತವೆ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯು ಕುಶಾಲನಗರದ ಬಳಿ ಕೊಡಗಿಗೂ ಪಿರಿಯಾಪಟ್ಟಣ ತಾಲ್ಲೂಕಿಗೂ ಗಡಿಯಾಗಿ, ಮುಂದೆ ಕೃಷ್ಣರಾಜನಗರ ಸೀಮೆಯನ್ನು ಪ್ರವೇಶಿಸಿ ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟಿ ಇರ್ಪುವಿನಲ್ಲಿ ಜಲಪಾತವಾಗುವ ಲಕ್ಷ್ಮಣತೀರ್ಥವು ನಾಗರಹೊಳೆಯ ಕಾಡಿನ ಅಂಚಿನಲ್ಲಿ ಇಳಿದು, ಹನಗೋಡು ಮತ್ತು ಹುಣಸೂರುಗಳ ಮೂಲಕ ಸಾಗಿ, ಸಾಗರಕಟ್ಟೆಯ ಸಮೀಪ ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ವಯನಾಡಿನ ತೊರೆಗಳಿಂದ ರೂಪುಗೊಂಡ ಕಬಿನಿಯು ಹೆಗ್ಗಡದೇವನಕೋಟೆಯ ಕಾಡುಗಳ ನಡುವೆ ಹರಿದು, ನಂಜನಗೂಡನ್ನು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಸಂಗಮಿಸುತ್ತದೆ. ನುಗು ಮತ್ತು ತಾರಕ ಕಬಿನಿಯ ಕಡೆಗೆ ಹರಿಯುವ ಉಪನದಿಗಳು.

ಮಹಶೀರ್ ಮೀನಿನ ಜೀವನಕ್ರಮಕ್ಕೆ ಇಂತಹ ಭೂರಚನೆ ಹೊಂದುತ್ತದೆ. ಆಮ್ಲಜನಕ ಹೇರಳವಾಗಿರುವ ಹರಿವ ನೀರು, ಬೇಸಿಗೆಯಲ್ಲಿ ಆಶ್ರಯ ನೀಡುವ ಆಳವಾದ ಮಡುಗಳು, ಮಳೆಗಾಲದಲ್ಲಿ ಮೊಟ್ಟೆಯಿಡಲು ಮೇಲಣ ತೊರೆಗಳ ಜಲ್ಲಿಕಲ್ಲಿನ ನೆಲ, ಇವು ಮೂರೂ ಅದಕ್ಕೆ ಅಗತ್ಯ. ಮುಂಗಾರಿನ ಪ್ರವಾಹದೊಡನೆ ಮೇಲಕ್ಕೆ ಈಜಿ, ಮತ್ತೆ ಕೆಳಗಿಳಿಯುವ ಮೀನಿಗೆ ಮಲೆ ಮತ್ತು ಬಯಲುಗಳೆರಡೂ ಒಂದೇ ಮನೆಯ ಎರಡು ಕೋಣೆಗಳಿದ್ದಂತೆ. ಆದ್ದರಿಂದ ಈ ತಾಲ್ಲೂಕುಗಳ ಉಪನದಿಗಳಲ್ಲಿ ಆದ ಬದಲಾವಣೆಯು ಅಲ್ಲಿಗೇ ನಿಲ್ಲದೆ ಇಡೀ ನದಿಯ ಮೇಲೆ ಪರಿಣಾಮ ಬೀರುವಂಥದು.

ಆಕರಗಳು: ಮಾನಸೋಲ್ಲಾಸದಿಂದ ಗ್ಯಾಸೆಟಿಯರ್‌ವರೆಗೆ

ಈ ಪ್ರದೇಶದ ಶಾಸನಗಳು ಕೆರೆ, ಕಟ್ಟೆ, ಕಾಲುವೆ, ಗದ್ದೆ ಬೆದ್ದಲುಗಳ ಕುರಿತು ಬೆಲೆಯುಳ್ಳ ಮಾಹಿತಿ ನೀಡುತ್ತವೆ. ಮೀನಿನ ಜಾತಿಗಳನ್ನು ವಿವರಿಸುವುದು ದಾನಶಾಸನದ ಉದ್ದೇಶವಲ್ಲ. ಆದರೂ ಕನ್ನಡ ನಾಡಿನ ಅರಸನೊಬ್ಬ ಮೀನುಗಳನ್ನು ಕುರಿತು ಶಾಸ್ತ್ರೀಯವಾಗಿ ಬರೆದ ಉದಾಹರಣೆ ನಮ್ಮಲ್ಲಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದಿದೆ. 12ನೆಯ ಶತಮಾನದ ಪೂರ್ವಾರ್ಧದ ಈ ಕೃತಿಯಲ್ಲಿ ಮೀನಿನ ಬಗೆಗಳು, ಅವು ವಾಸಿಸುವ ಸ್ಥಳ, ಅವುಗಳಿಗೆ ಹಾಕುವ ಆಹಾರ, ಗಾಳದಿಂದ ಹಿಡಿಯುವ ವಿಧಾನ ಮೊದಲಾದವು ನಿರೂಪಿತವಾಗಿವೆ. ಪ್ರಸಿದ್ಧ ಮತ್ಸ್ಯಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಕುರಿತು ಲೇಖನ ಪ್ರಕಟಿಸಿ ಅದರ ಮಹತ್ವವನ್ನು ವಿದ್ವತ್‌ಲೋಕದ ಗಮನಕ್ಕೆ ತಂದರು. ಮೀನನ್ನು ಅದರ ನೆಲೆಯೊಡನೆ ಸೇರಿಸಿ ಗುರುತಿಸುವ ಪದ್ಧತಿ ನಮಗೆ ಹೊಸತಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

19ನೆಯ ಶತಮಾನದಲ್ಲಿ ದಕ್ಷಿಣ ಭಾರತದ ಮೀನುಗಳ ಪಾಶ್ಚಾತ್ಯ ಮಾದರಿಯ ಅಧ್ಯಯನ ಆರಂಭವಾಯಿತು. ಕರ್ನಲ್ ಸೈಕ್ಸ್ 1839ರಲ್ಲಿ ದಖ್ಖನಿನ ಮೀನುಗಳನ್ನು ವರ್ಣಿಸುತ್ತ, ಪುಣೆಯ ಸಮೀಪದ ಮುಳಾ-ಮುಠಾ ನದಿಯಿಂದ ಖುದ್ರೀ ಎಂಬ ಮಹಶೀರನ್ನು ಹೆಸರಿಸಿದನು. ಇದು ಕೃಷ್ಣಾ ಜಲಾನಯನದ ಮೀನು. ಮುಂದಿನ ಚರ್ಚೆಗೆ ಈ ಅಂಶ ಮುಖ್ಯ. ಜೆರ್ಡನ್ 1849ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ವಿವರಣೆಯನ್ನು ಪ್ರಕಟಿಸಿದನು. ಮದರಾಸು ಸಿವಿಲ್ ಸೇವೆಯ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದಲ್ಲಿ ಗಾಳಹಾಕುವ ಕಲೆಯನ್ನು ಕುರಿತು ಗ್ರಂಥ ರಚಿಸಿದನು. ಅದೇ ದಶಕದಲ್ಲಿ ಫ್ರಾನ್ಸಿಸ್ ಡೇ ಭಾರತದ ಮೀನುಗಳನ್ನು ಕುರಿತ ತನ್ನ ಬೃಹತ್ ಗ್ರಂಥವನ್ನು ಹೊರತರತೊಡಗಿದನು. ಇವರ ದೃಷ್ಟಿ ಎರಡು ಬಗೆಯದಾಗಿತ್ತು. ಒಂದು, ಪ್ರಭೇದಗಳ ವರ್ಗೀಕರಣ. ಇನ್ನೊಂದು, ಆಹಾರ ಮತ್ತು ಬೇಟೆಯ ಮೀನುಗಳ ವೃದ್ಧಿ. ಸ್ವದೇಶದ ಟ್ರೌಟ್ ಮೀನಿನ ನೆನಪಿನಲ್ಲಿದ್ದ ಯೂರೋಪಿಯನ್ನರು 1860ರ ದಶಕದಿಂದಲೇ ಅದನ್ನು ನೀಲಗಿರಿಗೆ ತರಲು ಯತ್ನಿಸಿದರು. 20ನೆಯ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಕಾಲದಲ್ಲಿ ಅವಲಾಂಚಿಯ ಮರಿಕೇಂದ್ರದಿಂದ ಆ ಯತ್ನ ಫಲಿಸಿತು. ಅಲ್ಲಿನ ನೀರು ಕುಂದಾ ಮತ್ತು ಭವಾನಿ ನದಿಗಳ ಮೂಲಕ ಕಾವೇರಿಯನ್ನೇ ಸೇರುವುದರಿಂದ, ಕಾವೇರಿ ಜಲಾನಯನಕ್ಕೆ ಬೇಟೆಯ ಹವ್ಯಾಸಕ್ಕಾಗಿ ಹೊರಗಿನ ಮೀನು ತಂದು ಬಿಡುವ ಪದ್ಧತಿ ಅಷ್ಟು ಹಿಂದೆಯೇ ಆರಂಭವಾಗಿತ್ತು ಎನ್ನಬೇಕು.

ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ನಿಬಂಧನೆ ಜಾರಿಗೆ ಬಂದಿತು. ಅದಕ್ಕೂ ಮೊದಲೇ 1897ರ ಭಾರತೀಯ ಮೀನುಗಾರಿಕೆ ಶಾಸನವು ಬ್ರಿಟಿಷ್ ಪ್ರಾಂತಗಳಲ್ಲಿ ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಕೊಲ್ಲುವುದನ್ನು ಅಪರಾಧವೆಂದು ಘೋಷಿಸಿತ್ತು. ಶಾಸನ ಮಾಡಬೇಕಾಗಿ ಬಂದಿತೆಂಬುದೇ ಅಂತಹ ಕೃತ್ಯಗಳು ನಡೆಯುತ್ತಿದ್ದವೆಂಬುದಕ್ಕೆ ಸಾಕ್ಷಿ.

ದೈತ್ಯ ಮೀನಿನ ಕಾಲ

ಕಾವೇರಿಯ ಮಹಶೀರ್ ಜಗತ್ಪ್ರಸಿದ್ಧವಾದದ್ದು ಅದರ ಗಾತ್ರದಿಂದ. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡ್ ತೂಕದ ಮೀನನ್ನು ಹಿಡಿದನು. ಈ ದಾಖಲೆಯನ್ನು ಮುರಿದ ಮೀನು ದೊರೆತದ್ದು ಕಬಿನಿಯಲ್ಲಿ. 1946ರ ಮಾರ್ಚ್ 22ರಂದು ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರನ್ನು ಗಾಳದಿಂದ ಹಿಡಿದರು. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಜೀವಂತ ರೂಪ ಕೊಡುವ ಕಲೆಯಲ್ಲಿ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನಕ್ಕೆ ಅವರು ಸೇರಿದವರು. ಗಾಳದಲ್ಲಿ ಹಿಡಿದ ಮಹಶೀರ್‌ಗಳ ಪೈಕಿ ಅತಿದೊಡ್ಡದೆಂದು ಇಂದಿಗೂ ಉಲ್ಲೇಖಗೊಳ್ಳುವುದು ಇದೇ ಮೀನು.

ಇಂತಹ ದಾಖಲೆಗಳನ್ನು ಕೇವಲ ಬೇಟೆಯ ಹೆಮ್ಮೆಯೆಂದು ಬದಿಗಿಡುವುದು ಸರಿಯಲ್ಲ. ಅವುಗಳಿಂದ ಮೂರು ವಿಷಯಗಳು ತಿಳಿದುಬರುತ್ತವೆ. ಮೊದಲನೆಯದಾಗಿ, ಅಷ್ಟು ದೊಡ್ಡ ಮೀನು ಬೆಳೆಯಲು ಬೇಕಾದ ಆಹಾರ, ಆಳ ಮತ್ತು ನಿರಾತಂಕ ಹರಿವು 1946ರ ಕಬಿನಿಯಲ್ಲಿದ್ದವು. ಎರಡನೆಯದಾಗಿ, ಮೀನಿನೊಡನೆ ತೆಗೆಸಿಕೊಂಡ ಛಾಯಾಚಿತ್ರಗಳಲ್ಲಿ ತಲೆಯ ಹಿಂದಿನಿಂದ ಏಳುವ ಗೂನು ಸ್ಪಷ್ಟವಾಗಿ ಕಾಣುತ್ತದೆ. ಮೂರನೆಯದಾಗಿ, ಹೊರಗಿನ ಮಹಶೀರನ್ನು ಕಾವೇರಿಗೆ ಬಿಡುವುದಕ್ಕೆ ಮೊದಲಿನ ಚಿತ್ರಗಳು ಇವಾದ್ದರಿಂದ, ನದಿಯ ಮೂಲ ಮೀನು ಹೇಗಿತ್ತೆಂಬುದಕ್ಕೆ ಇವು ಪ್ರಾಥಮಿಕ ಆಕರಗಳಾಗುತ್ತವೆ.

ದಡದ ಮೀನುಗಾರರಿಗೆ ಈ ಮೀನು ಬಹಳ ಹಿಂದಿನಿಂದ ಪರಿಚಿತ. ಹರಿಗೋಲು, ಬೀಸುಬಲೆ, ಕೂಳಿ, ಗಾಳಗಳಿಂದ ಬದುಕು ಸಾಗಿಸಿದ ಬೆಸ್ತರು, ಕಾಡಿನ ಹೊಳೆಗಳನ್ನು ಬಲ್ಲ ಜೇನುಕುರುಬರು ಮತ್ತು ಬೆಟ್ಟಕುರುಬರು ಈ ಚರಿತ್ರೆಯ ಸಾಕ್ಷಿಗಳು. ಆದರೆ ಬಿಳಿಮೀನು ಎಂಬ ಕನ್ನಡದ ಮಾತು ಮಹಶೀರ್‌ಗಳೆಲ್ಲಕ್ಕೂ ಒಟ್ಟಾಗಿ ಸಲ್ಲುವಂಥದು. ಇಂಗ್ಲಿಷರು ಬಳಸಿದ ಮಹಶೀರ್ ಎಂಬ ಶಬ್ದವೂ ಅಷ್ಟೇ. ಈ ಎರಡು ಹೆಸರುಗಳ ವಿಶಾಲತೆಯೇ ಮುಂದೆ ಗೊಂದಲಕ್ಕೆ ಎಡೆಮಾಡಿತು.

ಕಟ್ಟೆಗಳಿಂದ ಅಣೆಕಟ್ಟುಗಳಿಗೆ

ಈ ನಾಲ್ಕು ತಾಲ್ಲೂಕುಗಳ ನದಿಗಳಿಗೆ ಅಡ್ಡಗಟ್ಟುವಿಕೆ ಹೊಸದೇನಲ್ಲ. ಲಕ್ಷ್ಮಣತೀರ್ಥದ ಹನಗೋಡು ಮತ್ತು ಕಟ್ಟೆಮಳಲವಾಡಿಯ ಕಟ್ಟೆಗಳು, ಕಾವೇರಿಯ ಚುಂಚನಕಟ್ಟೆ ಮೊದಲಾದವು ಇಲ್ಲಿನ ಗದ್ದೆಗಳಿಗೆ ತಲೆಮಾರುಗಳಿಂದ ನೀರುಣಿಸಿವೆ. ಹಳೆಯ ಕಲ್ಲುಕಟ್ಟೆಗಳು ತಗ್ಗಾಗಿದ್ದು, ಮಳೆಗಾಲದ ಪ್ರವಾಹ ಅವುಗಳ ಮೇಲೆ ಹರಿಯುತ್ತಿತ್ತು. ಮೀನು ಮೇಲಕ್ಕೆ ಸಾಗುವುದು ಆ ಪ್ರವಾಹದ ದಿನಗಳಲ್ಲೇ. ಹೀಗಾಗಿ ಅಂತಹ ಕಟ್ಟೆಗಳು ದಾರಿಯನ್ನು ಕಠಿಣಗೊಳಿಸಿದರೂ ಸಂಪೂರ್ಣ ಮುಚ್ಚಿರಲಿಲ್ಲವೆಂದು ಊಹಿಸಲು ಅವಕಾಶವಿದೆ.

20ನೆಯ ಶತಮಾನದ ಅಣೆಕಟ್ಟುಗಳ ಸ್ವರೂಪ ಬೇರೆ. 1911ರಲ್ಲಿ ಆರಂಭವಾಗಿ 1930ರ ದಶಕದ ಆದಿಯಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರವು ಕಾವೇರಿಯ ಮೇಲ್ಭಾಗವನ್ನೂ ಲಕ್ಷ್ಮಣತೀರ್ಥವನ್ನೂ ಕೆಳಗಿನ ನದಿಯಿಂದ ಬೇರ್ಪಡಿಸಿತು. ಹೆಗ್ಗಡದೇವನಕೋಟೆ ಸೀಮೆಯಲ್ಲಿ ನುಗು ಜಲಾಶಯ, ಅನಂತರ 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಜಲಾಶಯ ನಿರ್ಮಾಣಗೊಂಡವು. ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ಕಾಡಿನ ಭಾಗಗಳು ಕಬಿನಿಯ ಹಿನ್ನೀರಿನಲ್ಲಿ ಮುಳುಗಿದ ಸಂಗತಿ ಎಲ್ಲರಿಗೂ ತಿಳಿದಿದೆ. ಅದೇ ನೀರಿನಡಿಯಲ್ಲಿ ಹರಿವ ಹೊಳೆಯೊಂದು ನಿಂತ ಕೆರೆಯಾದದ್ದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಯೋಜನೆಗಳು ಲಕ್ಷಾಂತರ ಜನರ ಅನ್ನಕ್ಕೆ ಆಧಾರವಾಗಿವೆ ಎಂಬುದನ್ನು ಮರೆಯುವಂತಿಲ್ಲ. ಆದರೆ ಮೀನಿನ ವಲಸೆಯ ದಾರಿ ತುಂಡಾಯಿತೆಂಬುದೂ ಅಷ್ಟೇ ಸತ್ಯ. 1976ರ ರಾಷ್ಟ್ರೀಯ ಕೃಷಿ ಆಯೋಗದ ವರದಿಯು ದೇಶದಲ್ಲಿ ಮಹಶೀರ್ ಕ್ಷೀಣಿಸುತ್ತಿರುವುದನ್ನು ಗುರುತಿಸಿ, ಮಿತಿಮೀರಿದ ಹಿಡಿತ ಮತ್ತು ನದೀಕಣಿವೆ ಯೋಜನೆಗಳ ಪರಿಣಾಮದತ್ತ ಬೆರಳು ತೋರಿತು.

ನಿಂತ ನೀರಿಗೆ ಬೇರೆ ಮೀನುಗಳು ಬಂದವು. ಉತ್ತರ ಭಾರತದ ನದಿಗಳ ಕಾಟ್ಲಾ, ರೋಹು, ಮೃಗಾಲ್‌ಗಳನ್ನು ದಕ್ಷಿಣದ ಕೆರೆ ಜಲಾಶಯಗಳಲ್ಲಿ ಬೆಳೆಸಲಾಯಿತು. ಜನರು ಜಿಲೇಬಿ ಎಂದು ಕರೆಯುವ ಆಫ್ರಿಕಾ ಮೂಲದ ತಿಲಾಪಿಯಾ 1952ರಲ್ಲಿ, ಸಾಮಾನ್ಯ ಗೆಂಡೆಯ ಬ್ಯಾಂಕಾಕ್ ತಳಿ 1957ರಲ್ಲಿ ಭಾರತಕ್ಕೆ ಬಂದವು. ಆಹಾರೋತ್ಪಾದನೆಯ ದೃಷ್ಟಿಯಿಂದ ಕೈಗೊಂಡ ಈ ಕ್ರಮಗಳಿಂದ ಮೀನುಗಾರ ಕುಟುಂಬಗಳಿಗೆ ಪ್ರಯೋಜನವಾಗಿದೆ. ಆದರೆ ಕೆರೆಯಲ್ಲಿ ಬಿಟ್ಟ ಮೀನು ಕೋಡಿ ಹರಿದಾಗ ಹೊಳೆ ಸೇರುತ್ತದೆ. ಕೆರೆಗೂ ನದಿಗೂ ನಡುವೆ ಆಡಳಿತದ ಕಡತದಲ್ಲಿರುವ ಗಡಿ ನೀರಿನಲ್ಲಿಲ್ಲ.

ಸಂರಕ್ಷಣೆಯ ಹೆಸರಿನಲ್ಲಿ

ಮೇಲೆ ಹೇಳಿದ ಮೀನುಗಳು ಹೊರಗಿನವೆಂಬುದು ಎಲ್ಲರಿಗೂ ಗೊತ್ತಿತ್ತು. ಹೊರಗಿನದೆಂದು ಯಾರಿಗೂ ಅನ್ನಿಸದೆ ಬಂದದ್ದು ನೀಲಿರೆಕ್ಕೆಯ ಮಹಶೀರ್. 1970ರ ದಶಕದಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯು ಮಹಶೀರ್ ಮರಿಗಳನ್ನು ಉತ್ಪಾದಿಸುವ ಕೇಂದ್ರವನ್ನು ನಡೆಸಿ, ಕೃತಕ ಸಂತಾನೋತ್ಪತ್ತಿಯ ತಂತ್ರವನ್ನು ಯಶಸ್ವಿಯಾಗಿ ರೂಢಿಸಿತು. ತನ್ನ ಮೂಲ ನೆಲೆಯಾದ ಕೃಷ್ಣಾ ಜಲಾನಯನದಲ್ಲಿ ಕ್ಷೀಣಿಸುತ್ತಿದ್ದ ಖುದ್ರೀ ಮಹಶೀರ್‌ಗೆ ಇದರಿಂದ ಒದಗಿದ ನೆರವು ನಿಜವಾದ ಸಾಧನೆಯೇ ಸರಿ.

ಇದೇ ಸಮಯದಲ್ಲಿ ಕಾವೇರಿಯಲ್ಲಿ ಗಾಳದ ಕ್ರೀಡೆ ಮತ್ತೆ ಚಿಗುರಿತು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಮೂವರು ಗಾಳಗಾರರು ಕಾವೇರಿಯಲ್ಲಿ ಭಾರಿ ಮಹಶೀರ್‌ಗಳನ್ನು ಹಿಡಿದ ಸುದ್ದಿ ಹೊರದೇಶಗಳಲ್ಲಿ ಹರಡಿತು. ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು ನಡೆದವು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ನಿಯಮದಿಂದಾಗಿ ಸಿಡಿಮದ್ದಿನ ಹಾವಳಿ ತಗ್ಗಿತು. ಹಿಂದೆ ಮೀನು ಕದಿಯುತ್ತಿದ್ದವರಲ್ಲಿ ಕೆಲವರಿಗೆ ಕಾವಲುಗಾರರ, ಮಾರ್ಗದರ್ಶಕರ ಉದ್ಯೋಗ ದೊರೆಯಿತು. ನದಿಯಲ್ಲಿ ಮೀನಿನ ಸಂಖ್ಯೆ ಹೆಚ್ಚಿಸುವ ಉದ್ದೇಶದಿಂದ ಲೋಣಾವಳದ ಮರಿಗಳನ್ನು ತಂದು ಬಿಡಲಾಯಿತು. ಕೊಡಗಿನ ಹಾರಂಗಿಯಲ್ಲಿ ರಾಜ್ಯ ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿಕೇಂದ್ರವೂ ಸ್ಥಾಪಿತವಾಯಿತು. ಹಾರಂಗಿಯ ನೀರು ಕುಶಾಲನಗರದ ಬಳಿ ಕಾವೇರಿಯನ್ನು ಸೇರಿ ಪಿರಿಯಾಪಟ್ಟಣದ ಗಡಿಗುಂಟ ಹರಿಯುತ್ತದೆ ಎಂಬುದು ನಮ್ಮ ಪ್ರದೇಶಕ್ಕೆ ನೇರವಾಗಿ ಸಂಬಂಧಿಸಿದ ವಿಷಯ.

ಇಲ್ಲಿ ನಡೆದ ತಪ್ಪು ಸರಳವಾದುದು. ಕಡಿಮೆಯಾದದ್ದು ಮಹಶೀರ್, ಬಿಟ್ಟದ್ದೂ ಮಹಶೀರ್. ಅವೆರಡೂ ಒಂದೇ ಅಲ್ಲವೆಂದು ಹೇಳಲು ಅಗತ್ಯವಾದ ಖಚಿತ ಹೆಸರು ಆಗ ಗೂನುಬೆನ್ನಿನ ಮೀನಿಗೆ ಇರಲಿಲ್ಲ. ದೀರ್ಘಕಾಲ ಅದನ್ನು ಸೈಕ್ಸ್ ವರ್ಣಿಸಿದ ಮುಸುಲ್ಲಾ ಎಂಬ ಇನ್ನೊಂದು ಮೀನಿನೊಡನೆ ಸಮೀಕರಿಸಲಾಗಿತ್ತು. ಆ ಹೆಸರು ಮಹಶೀರ್ ಕುಲಕ್ಕೆ ಸೇರಿದ್ದೇ ಅಲ್ಲವೆಂದು 2013ರಲ್ಲಿ ಸಂಶೋಧಕರು ತೋರಿಸಿದಾಗ, ಜಗತ್ತಿನ ಅತಿದೊಡ್ಡ ಮಹಶೀರ್ ವೈಜ್ಞಾನಿಕವಾಗಿ ಹೆಸರಿಲ್ಲದ ಮೀನಾಗಿ ಉಳಿಯಿತು. ಹೆಸರಿಲ್ಲದ ಪ್ರಭೇದವನ್ನು ವಿನಾಶದ ಪಟ್ಟಿಗೆ ಸೇರಿಸುವುದು ಸಾಧ್ಯವಿಲ್ಲ; ಅದಕ್ಕಾಗಿ ಯೋಜನೆ ರೂಪಿಸುವುದೂ ಕಷ್ಟ.

ಗಾಳಗಾರರ ದಿನಚರಿ ಎಂಬ ಆಕರ

ಈ ಪಲ್ಲಟವನ್ನು ಬಯಲಿಗೆ ತಂದ ಆಕರ ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯದು. ಗಾಲಿಬೋರೆ ಶಿಬಿರದಲ್ಲಿ ಗಾಳಗಾರರು ಹಿಡಿದ ಪ್ರತಿ ಮೀನಿನ ದಿನಾಂಕ, ತೂಕ ಮತ್ತು ಬಗೆಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿಯಿತ್ತು. ಬರೆದವರು ವಿಜ್ಞಾನಿಗಳಲ್ಲ, ವಿಜ್ಞಾನಕ್ಕಾಗಿಯೂ ಬರೆದವರಲ್ಲ. 1998ರಿಂದ 2012ರವರೆಗಿನ ಈ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ವಿಶ್ಲೇಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀಲಿರೆಕ್ಕೆಯ ಮೀನಿನ ಸಂಖ್ಯೆ ಏರುತ್ತ ಹೋಗಿ, ಅದರ ಸರಾಸರಿ ತೂಕ ಇಳಿದಿತ್ತು. ಅಂದರೆ ಮರಿಗಳು ಹುಟ್ಟಿ ಬೆಳೆಯುತ್ತಿದ್ದವು. ಗೂನುಬೆನ್ನಿನ ಮೀನಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಸಂಖ್ಯೆ ಇಳಿಯುತ್ತ, ಸಿಕ್ಕ ಕೆಲವು ಮೀನುಗಳ ತೂಕ ಏರುತ್ತ ಹೋಗಿತ್ತು. ಅಂದರೆ ಮುದಿಮೀನುಗಳು ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ. ದೊಡ್ಡ ಮೀನು ಸಿಕ್ಕಿತೆಂಬ ಸಂತೋಷದ ನಡುವೆ ಒಂದು ಸಂತತಿ ಮುಗಿಯುತ್ತಿತ್ತು.

ಮೀನುಗಳ ಒಟ್ಟು ಸಂಖ್ಯೆಯನ್ನಷ್ಟೇ ನೋಡಿದ್ದರೆ ನದಿ ಚೇತರಿಸಿಕೊಂಡಿದೆ ಎಂದೇ ತೋರುತ್ತಿತ್ತು. ಎರಡು ಬಗೆಗಳನ್ನು ಬೇರೆಬೇರೆಯಾಗಿ ಬರೆದಿಟ್ಟಿದ್ದರಿಂದ ಮಾತ್ರ ನಿಜ ತಿಳಿಯಿತು. ಕಾವೇರಿ ವನ್ಯಜೀವಿಧಾಮದಲ್ಲಿ ಗಾಳದ ಕ್ರೀಡೆ ನಿಂತ ಮೇಲೆ 2012ಕ್ಕೆ ಈ ದಾಖಲೆಯ ಸರಣಿಯೂ ಮುಗಿಯಿತು. ಕ್ರೀಡೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆಕರವೊಂದು ನಿಂತುಹೋಯಿತು ಎಂಬುದನ್ನು ಗುರುತಿಸದೆ ಇರುವಂತಿಲ್ಲ.

2018ರಲ್ಲಿ ಪಿಂಡರ್ ಮತ್ತು ಸಂಗಡಿಗರು ಗೂನುಬೆನ್ನಿನ ಮಹಶೀರನ್ನು ಟಾರ್ ರೆಮಾದೇವಿಯೈ ಎಂದು ಗುರುತಿಸಿದರು. ಅಮರಾವತಿಯ ಮೂಲಕ ಕಾವೇರಿಯನ್ನು ಸೇರುವ ಕೇರಳದ ಪಾಂಬಾರ್ ನದಿಯ ಸಣ್ಣ ಮಾದರಿಗಳನ್ನು ಆಧರಿಸಿ ಮಧುಸೂದನ ಕುರುಪ್ ಮತ್ತು ರಾಧಾಕೃಷ್ಣನ್ ಮೊದಲೇ ಇಟ್ಟಿದ್ದ ಹೆಸರಿದು. ಮತ್ಸ್ಯಶಾಸ್ತ್ರಜ್ಞೆ ರೆಮಾದೇವಿ ಅವರ ಗೌರವಾರ್ಥವಾದುದು. ಹೆಸರು ನಿರ್ಧಾರವಾದ ವರ್ಷವೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಮೀನನ್ನು ತೀವ್ರ ವಿನಾಶಭೀತಿಯ ವರ್ಗಕ್ಕೆ ಸೇರಿಸಿತು. ಸಂಶೋಧಕರಿಗೆ ಮಾದರಿಗಳು ದೊರೆತದ್ದು ಮುಖ್ಯವಾಗಿ ತಮಿಳುನಾಡಿನ ಮೋಯಾರ್ ನದಿಯಲ್ಲಿ.

ಕೊಲರಾಡೊದ ಟ್ರೌಟ್: ಒಂದು ಹೋಲಿಕೆ

ಸ್ಥಳೀಯ ಮೀನಿನ ಪುನಃಸ್ಥಾಪನೆಯಲ್ಲಿ ಹೆಸರಿನ ತಪ್ಪಿನಿಂದಾಗುವ ಹಾನಿಗೆ ಅಮೆರಿಕದ ಕೊಲರಾಡೊದಲ್ಲಿ ಹೋಲುವ ನಿದರ್ಶನವಿದೆ. ಅಲ್ಲಿನ ಹಸಿರುಬೆನ್ನಿನ ಟ್ರೌಟ್ ಎಂಬ ಮೂಲಮೀನು, ಹೊರಗಿನಿಂದ ಬಿಟ್ಟ ಇತರ ಟ್ರೌಟ್‌ಗಳ ಹಾವಳಿಯಿಂದ ಬಹುತೇಕ ನಾಶವಾಗಿತ್ತು. ಅದನ್ನು ಉಳಿಸಲು ಹಲವು ದಶಕ ಶ್ರಮಿಸಿ, ತೊರೆಗಳಿಂದ ಹೊರಗಿನ ಮೀನು ತೆಗೆದು, ಮರಿಗಳನ್ನು ಬಿಡಲಾಯಿತು. ಆದರೆ 19ನೆಯ ಶತಮಾನದಲ್ಲಿ ಸಂಗ್ರಹಿಸಿ ಸಂಗ್ರಹಾಲಯಗಳಲ್ಲಿ ಇರಿಸಿದ್ದ ಮಾದರಿಗಳ ವಂಶವಾಹಿಯನ್ನು ಹೋಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವು, ಬಿಟ್ಟ ಮೀನುಗಳಲ್ಲಿ ಬಹುಪಾಲು ಬೇರೆ ಬಗೆಯವೆಂದು ತೋರಿಸಿತು. ನಿಜವಾದ ಮೂಲಮೀನು ಕೊಲರಾಡೊ ಸ್ಪ್ರಿಂಗ್ಸ್ ಬಳಿಯ ಬೇರ್ ಕ್ರೀಕ್ ಎಂಬ ಒಂದೇ ತೊರೆಯಲ್ಲಿ ಉಳಿದಿತ್ತು. ಅದರ ಸಂತತಿಯನ್ನು 2014ರಲ್ಲಿ ಜಿಮ್ಮರ್‌ಮನ್ ಸರೋವರಕ್ಕೆ ಬಿಡುವ ಮೂಲಕ ಕೆಲಸವನ್ನು ಹೊಸದಾಗಿ ಆರಂಭಿಸಲಾಯಿತು. ತಪ್ಪು ತಿಳಿದದ್ದು ನೂರು ವರ್ಷಗಳಿಗೂ ಹಿಂದಿನ ಸಂಗ್ರಹದಿಂದ. ಆ ಶೀಶೆಗಳನ್ನು ಯಾರಾದರೂ ಹಳೆಯವೆಂದು ಎಸೆದಿದ್ದರೆ ತಪ್ಪು ತಿದ್ದುವ ದಾರಿಯೇ ಇರುತ್ತಿರಲಿಲ್ಲ.

ನಾಲ್ಕು ತಾಲ್ಲೂಕುಗಳಲ್ಲಿ ಪುನಃಸ್ಥಾಪನೆಯ ಸಾಧ್ಯತೆ

ಲಕ್ಷ್ಮಣತೀರ್ಥ ಅಥವಾ ಕಬಿನಿಯ ಉಪನದಿಗಳಿಗೆ ಗೂನುಬೆನ್ನಿನ ಬಿಳಿಮೀನನ್ನು ಮರಳಿ ತರಬಹುದೇ ಎಂಬ ಪ್ರಶ್ನೆಗೆ ಉತ್ಸಾಹದ ಉತ್ತರಕ್ಕಿಂತ ಕ್ರಮಬದ್ಧ ಉತ್ತರ ಅಗತ್ಯ. ಕೊಲರಾಡೊದ ತೊರೆಗಳಲ್ಲಿ ಮಾಡಿದಂತೆ ಔಷಧಿ ಹಾಕಿ ಹೊರಗಿನ ಮೀನನ್ನೆಲ್ಲ ತೆಗೆಯುವುದು ಇಲ್ಲಿ ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ನೂರಾರು ಊರುಗಳು ಕುಡಿಯುವ, ದನಕರು ಮೀಯುವ ನೀರಿದು. ಇನ್ನೂ ಹಲವು ಸ್ಥಳೀಯ ಮೀನುಗಳ ಮನೆ.

ಆದ್ದರಿಂದ ಮೊದಲ ಹೆಜ್ಜೆ, ಕಾವೇರಿ ಜಲಾನಯನದ ನದಿಗಳಿಗೆ ಬೇರೆ ಜಲಾನಯನದ ಮಹಶೀರ್ ಮರಿಗಳನ್ನು ಬಿಡದಿರುವುದು. ಎರಡನೆಯದು, ಮೇಲ್ಕಣಿವೆಯ ಆಳದ ಮಡುಗಳಲ್ಲಿ ಮೂಲ ಸಂತತಿ ಎಲ್ಲಿಯಾದರೂ ಉಳಿದಿದೆಯೇ ಎಂದು ವಂಶವಾಹಿ ಪರೀಕ್ಷೆಯೊಡನೆ ಹುಡುಕುವುದು. ನಾಗರಹೊಳೆ ಮತ್ತು ಬಂಡೀಪುರದ ಕಾಡುಗಳ ನಡುವಣ ಹೊಳೆಗಳಿಗೆ ಈಗಾಗಲೇ ರಕ್ಷಣೆಯಿರುವುದರಿಂದ ಅಲ್ಲಿಂದಲೇ ಆರಂಭಿಸುವುದು ಸೂಕ್ತ. ಮೂರನೆಯದು, ಬೇಸಿಗೆಯಲ್ಲಿ ಕ್ಷೀಣಿಸುವ ಲಕ್ಷ್ಮಣತೀರ್ಥದಲ್ಲಿ ಕನಿಷ್ಠ ಹರಿವು ಉಳಿಸುವುದು, ಪಟ್ಟಣಗಳ ಕೊಳಚೆಯನ್ನು ತಡೆಯುವುದು, ಹಳೆಯ ಕಟ್ಟೆಗಳ ದುರಸ್ತಿಯ ವೇಳೆ ಮೀನು ದಾಟುವ ದಾರಿಯನ್ನು ಯೋಚಿಸುವುದು. ನೆಲೆ ಸರಿಯಾಗದೆ ಬಿಟ್ಟ ಮರಿಗಳು ಬೆಳೆಯಲಾರವು.

ಜನಸಮ್ಮತಿಯ ವಿಚಾರದಲ್ಲಿ ನಮ್ಮ ಪರಂಪರೆ ನೆರವಾಗಬಲ್ಲದು. ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರ ಸೀಮೆಗಳಿಗೆ ಸಮೀಪದ ರಾಮನಾಥಪುರದಲ್ಲಿ ದೇವಾಲಯದ ಬಳಿಯ ಮೀನುಗಳನ್ನು ಹಿಡಿಯದೆ ಪೂಜ್ಯಭಾವದಿಂದ ಕಾಪಾಡಿಕೊಂಡು ಬರಲಾಗಿದೆ. ಶೃಂಗೇರಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಶಿಶಿಲಗಳಲ್ಲಿಯೂ ಇದೇ ಸಂಪ್ರದಾಯವಿದೆ. ಕಾನೂನಿಗಿಂತ ಮೊದಲೇ ಜನ ಕಟ್ಟಿಕೊಂಡ ಅಭಯಸ್ಥಾನಗಳಿವು. ಆದರೆ ದೇವರ ಮೀನಿಗೆ ಅಕ್ಕಿ, ಪುರಿ ಹಾಕುವ ಭಕ್ತನಿಗೆ ಅದು ಯಾವ ಜಲಾನಯನದ್ದೆಂಬ ಪ್ರಶ್ನೆ ಏಳುವುದಿಲ್ಲ. ಶ್ರದ್ಧೆಯ ರಕ್ಷಣೆಗೆ ತಿಳುವಳಿಕೆಯೂ ಕೂಡಿಕೊಂಡರೆ ಮಾತ್ರ ಮೂಲಮೀನಿಗೆ ಪ್ರಯೋಜನವಾದೀತು.

ಇತಿಹಾಸಕಾರರು ಮಾಡಬೇಕಾದ ಕೆಲಸ ಇಲ್ಲಿಯೇ ಇದೆ. ಹಳೆಯ ಮನೆಗಳ ಗೋಡೆಯಲ್ಲಿ ತೂಗಿರುವ ಬೇಟೆಯ ಛಾಯಾಚಿತ್ರಗಳು, ಕಾಫಿ ತೋಟಗಳ ಮತ್ತು ಅರಣ್ಯ ಬಂಗಲೆಗಳ ದಿನಚರಿಗಳು, ಮೀನು ಹಿಡಿಯುವ ಹಕ್ಕಿನ ಹರಾಜಿನ ಕಡತಗಳು, ಮರಿ ಬಿತ್ತನೆಯ ಇಲಾಖಾ ದಾಖಲೆಗಳು, ವಯಸ್ಸಾದ ಬೆಸ್ತರ ಮತ್ತು ಕಾಡುನಿವಾಸಿಗಳ ನೆನಪುಗಳು, ಇವೆಲ್ಲವನ್ನೂ ಸ್ಥಳ ಮತ್ತು ವರ್ಷಗಳೊಡನೆ ಸಂಗ್ರಹಿಸಬೇಕು. ಗೂನು ಇತ್ತೇ, ರೆಕ್ಕೆಯ ಬಣ್ಣ ಯಾವುದು, ಯಾವ ಮಡುವಿನಲ್ಲಿ, ಯಾವ ಅಣೆಕಟ್ಟಿಗೆ ಮೊದಲು ಎಂಬ ಸಣ್ಣ ವಿವರಗಳೇ ನಾಳೆ ನಿರ್ಣಾಯಕವಾಗುತ್ತವೆ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಾವೇರಿಯ ಮೂಲ ಮಹಶೀರ್ ಕ್ಷೀಣಿಸಿದ್ದಕ್ಕೆ ಸಿಡಿಮದ್ದು, ಅಣೆಕಟ್ಟು, ಮಾಲಿನ್ಯಗಳಷ್ಟೇ ಅಲ್ಲದೆ, ಅದರ ಹೆಸರಿನಲ್ಲೇ ನಡೆದ ಸಂರಕ್ಷಣೆಯೂ ಸೇರಿಕೊಂಡಿತು. ಮರಿ ಬಿಟ್ಟವರನ್ನು ದೂಷಿಸುವುದರಿಂದ ಪ್ರಯೋಜನವಿಲ್ಲ. ಅಂದಿನ ತಿಳುವಳಿಕೆಯ ಮಿತಿಯಲ್ಲಿ ಅವರು ನದಿಗೆ ಒಳಿತನ್ನೇ ಬಯಸಿದ್ದರು. ತಪ್ಪನ್ನು ತಿಳಿಸಿಕೊಟ್ಟದ್ದು ಗಾಳಗಾರರ ಪುಸ್ತಕ ಮತ್ತು ಹಳೆಯ ಛಾಯಾಚಿತ್ರಗಳು. ಒಂದು ಮೀನನ್ನು ಅದರ ನದಿಗೆ ಮರಳಿಸುವುದಕ್ಕೆ ಮೊದಲು ಅದನ್ನು ಅದರ ಹೆಸರಿಗೆ ಮರಳಿಸಬೇಕಾಗುತ್ತದೆ.

1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನಿಗೆ ವೈಜ್ಞಾನಿಕವಾಗಿ ಸರಿಯಾದ ಹೆಸರು ಗೊತ್ತಾದದ್ದು 72 ವರ್ಷಗಳ ಅನಂತರ. ಅಷ್ಟು ಹೊತ್ತಿಗೆ ಆ ಸಂತತಿಯೇ ವಿರಳವಾಗಿತ್ತು. ಈ ಸೀಮೆಯ ನದಿಗಳಲ್ಲಿ ಇನ್ನೂ ಹೆಸರು, ದಾಖಲೆ ದೊರೆಯದ ಜೀವಿಗಳ ವಿಷಯದಲ್ಲಿ ಇಂತಹ ವಿಳಂಬ ಮರುಕಳಿಸದಂತೆ ನೋಡಿಕೊಳ್ಳುವುದು ಪ್ರಾಣಿಶಾಸ್ತ್ರಜ್ಞರ ಜೊತೆಗೆ ಸ್ಥಳೀಯ ಚರಿತ್ರೆಯ ಅಧ್ಯಯನಕಾರರ ಹೊಣೆಯೂ ಆಗಿದೆ.